ಮೂಳೆಗೆ ಹರಡಿದ ಕ್ಯಾನ್ಸರಿಗೆ ಏನನ್ನೋಣ?

ಬಳಗದವರಿಗೆ ನಮಸ್ಕಾರ,

ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೂಳೆಯ ಅಧ್ಯಾಯದಲ್ಲಿ ಕೆಲವು ಪದಗಳು ಕಾಡುತ್ತಿವೆ.

ಮೊದಲನೆಯದು 'ಮೂಳೆ ಕ್ಯಾನ್ಸರ್'. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರುಗಳು ಮೂಳೆಗೆ ಹೋಗುವುದು ಜಾಸ್ತಿ. ಅದನ್ನೂ ನಾವು ಮೂಳೆ ಕ್ಯಾನ್ಸರ್ ಅಂದುಬಿಡುತ್ತೇವೆ. ಮೂಳೆಯಲ್ಲೇ ಹುಟ್ಟುವುದು ಬೇರೆ. ಹದಿಹರೆಯದವರಲ್ಲಿ ಹೆಚ್ಚು ಕಾಣುವ ಆಸ್ಟಿಯೊಸಾರ್ಕೋಮಾ ಅಂಥದ್ದು. ಸ್ತನದಿಂದ ಬೆನ್ನುಮೂಳೆಗೆ ಹೋದದ್ದು ಅಲ್ಲೂ ಸ್ತನ ಕ್ಯಾನ್ಸರೇ, ಮುಖ್ಯ ಔಷಧವೂ ಅದರದ್ದೇ. ಹೆಸರು ತಪ್ಪಾದರೆ ಮನೆಯವರು "ಎರಡನೇ ಕ್ಯಾನ್ಸರ್ ಬಂತಾ?" ಎಂದು ಕಂಗಾಲಾಗುತ್ತಾರೆ.

ಹೀಗೆ ಹರಡುವುದಕ್ಕೆ ಕೆಲವರು 'ಸ್ಥಾನಾಂತರ' ಎಂದು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವರ್ಗವಾದ ಗುಮಾಸ್ತ ಹಳೇ ಕುರ್ಚಿ ಬಿಟ್ಟು ಹೋಗುತ್ತಾನೆ, ಕ್ಯಾನ್ಸರ್ ಹಾಗೆ ಬಿಟ್ಟು ಹೋಗುವುದಿಲ್ಲ. ಜನ ಸುಮ್ನೆ "ಮೂಳೆಗೆ ಹೋಗಿದೆ", "ಮೂಳೆಗೆ ಇಳಿದಿದೆ" ಅನ್ನುತ್ತಾರೆ. 'ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್' ಎಂದರೆ ಹುಟ್ಟಿದ ಜಾಗ, ಈಗಿನ ಜಾಗ ಎರಡೂ ಗೊತ್ತಾಗುತ್ತವೆ. ಉದ್ದವಾಯಿತು, ನಿಜ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?

ಇನ್ನೊಂದು 'ಸವೆತ'. ಮಂಡಿನೋವು, ಬೆನ್ನುನೋವು ಎಲ್ಲದಕ್ಕೂ ಇದೇ ಪದ. ಹಾಗಾಗಿ "ಮೂಳೆ ಸವೆದಿದೆ" ಎಂದರೆ ವಯಸ್ಸಾಯಿತು ಅಂತಲೇ ಅರ್ಥ. ಇಲ್ಲಿ ನಡೆಯುವುದು ಬೇರೆ. ಮೂಳೆಯನ್ನು ಕರಗಿಸುವ ಕೋಶಗಳು ನಮ್ಮ ಮೈಯಲ್ಲೇ ಇವೆ, ಕ್ಯಾನ್ಸರ್ ಅವನ್ನು ಕೆರಳಿಸುತ್ತದೆ. ಕೆಲವೊಮ್ಮೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಕಾಣಿಸುತ್ತವೆ. 'ಕೊರೆತ' ಅನ್ನೋಣವೇ ಎಂದು ಯೋಚಿಸಿದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಆಗುವುದು ಉಲ್ಟಾ: ಹೊಸ ಮೂಳೆ ಅಡ್ಡಾದಿಡ್ಡಿ ಬೆಳೆಯುತ್ತದೆ, ಆದರೂ ಗಟ್ಟಿಯಿರುವುದಿಲ್ಲ. ಎರಡಕ್ಕೂ ಹೊಂದುವುದು 'ಮೂಳೆ ಟೊಳ್ಳಾಗುವುದು' ಅಲ್ಲ, 'ಮೂಳೆಯ ಬಲ ಕುಂದುವುದು' ಇರಬಹುದು.

ಜೊಲೆಡ್ರೊನಿಕ್ ಆಸಿಡ್ ಡ್ರಿಪ್, ಡೆನೊಸುಮಾಬ್ ಇಂಜೆಕ್ಷನ್ ಈ ಕರಗುವಿಕೆಯನ್ನು ತಡೆಯುತ್ತವೆ. 'ಮೂಳೆ ಗಟ್ಟಿ ಮಾಡೋ ಇಂಜೆಕ್ಷನ್' ಎಂಬ ಮಾತು ನನಗೆ ಇಷ್ಟ. ಒಂದೇ ತೊಡಕು, ಕೇಳಿದವರು ಅದನ್ನು ಟಾನಿಕ್ ಥರ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಶುರು ಮಾಡುವ ಮೊದಲೇ ಹಲ್ಲು ತೋರಿಸಿಕೊಳ್ಳಬೇಕು. ಆಮೇಲೆ ಹಲ್ಲು ಕೀಳಿಸಿದರೆ ಕೆಲವರಿಗೆ ದವಡೆಯ ಗಾಯ ಮಾಯುವುದಿಲ್ಲ.

'ಕರೆಂಟ್ ಕೊಡುವುದು' ಎಂಬುದನ್ನು ಇಟ್ಟುಕೊಳ್ಳಬೇಕೇ? 'ವಿಕಿರಣ ಚಿಕಿತ್ಸೆ' ಎಂದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ, 'ಕರೆಂಟ್' ಎಂದರೆ ಶಾಕ್ ಹೊಡೆಯುತ್ತೆ ಅಂತ ಹೆದರುತ್ತಾರೆ. ನೋವು ತಗ್ಗಿಸಲು ಎಷ್ಟೋ ಸಲ 8 ಗ್ರೇಯ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ) ಒಂದೇ ಸರದಿ ಸಾಕು, ಕೊಡುವಾಗ ಏನೂ ಗೊತ್ತಾಗುವುದಿಲ್ಲ. ಪರಿಣಾಮ ಕಾಣಲು ಕೆಲವು ವಾರ ಹಿಡಿಯಬಹುದು. ಸದ್ಯಕ್ಕೆ 'ಕಿರಣ ಚಿಕಿತ್ಸೆ, ಅಂದರೆ ಕರೆಂಟ್ ಕೊಡುವುದು' ಎಂದು ಬರೆದಿದ್ದೇನೆ.

ಕೊನೆಯದು ಬಹಳ ಮುಖ್ಯ. "ಬೆನ್ನುನೋವಿನ ಜೊತೆ ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ" ಎಂಬ ಸಾಲಿದೆ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು, ತಡವಾದರೆ ಕಾಲಿನ ಬಲ ಮರಳದೇ ಹೋಗಬಹುದು. 'ಕಾಲು ಸೋತರೆ' ಎಂದರೆ ದಣಿವು ಎಂದು ಯಾರಾದರೂ ತಿಳಿದಾರೇ? ಧಾರವಾಡ, ಕಲಬುರಗಿ ಕಡೆಯವರು 'ಎಲುಬು' ಅನ್ನುವಲ್ಲಿ 'ಮೂಳೆ' ಸಾಕೇ? ಕರಾವಳಿಯವರು ಕಾಲಿನ ಶಕ್ತಿ ಹೋಗುವುದಕ್ಕೆ ಏನನ್ನುತ್ತೀರಿ? ನಿಮ್ಮ ಮನೆಯ ಮಾತಿನಲ್ಲೇ ಬರೆದು ಕಳಿಸಿ.