ಅಮ್ಮ ಬರೆದುಕೊಟ್ಟ ಮನೆ ವಾಪಸ್ ಸಿಗುತ್ತಾ?

ತಿಪಟೂರಿನ ಹತ್ತಿರ ನಮ್ಮೂರು. ಅಪ್ಪ ಹೋದ ಮೇಲೆ, 2019ರಲ್ಲಿ, ಅಮ್ಮ ತನ್ನ ಹೆಸರಲ್ಲಿದ್ದ ಮನೆಯನ್ನು ಅಣ್ಣನಿಗೆ ದಾನಪತ್ರ ಮಾಡಿಕೊಟ್ಟಳು. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಸಾಕ್ಷಿ ಹಾಕಿದವಳೂ ನಾನೇ. ಬರುವಾಗ ಮೂರೂ ಜನ ದೋಸೆ ತಿಂದು ಬಂದೆವು.

ಈಗ ಅಮ್ಮನಿಗೆ 74. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಮಲಗುತ್ತಾಳೆ. ಬಚ್ಚಲು ಹಿತ್ತಲಲ್ಲಿದೆ, ಅತ್ತಿಗೆ ರಾತ್ರಿ ಹಿತ್ತಲ ಬಾಗಿಲಿಗೆ ಬೀಗ ಹಾಕುತ್ತಾಳೆ. ಅದಕ್ಕೇ ಅಮ್ಮ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಅಂತಷ್ಟೇ ಇದೆ. ರದ್ದು ಮಾಡಿಸಬಹುದಾ?

ಉತ್ತರ 1
ಮೇಡಂ, 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23 ನೋಡಿ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟಿದ್ದರೆ, ನೋಡಿಕೊಳ್ಳದಿದ್ದಾಗ ದಾನ ರದ್ದಾಗುತ್ತದೆ. ಷರತ್ತು ಇತ್ತೆಂದು ತೋರಿಸಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಅದೇ ಕೋರ್ಟ್ ಮನೆ ವಾಪಸ್ ಕೊಡಿಸಿತು. ಅಲ್ಲಿ ಮಗ 'ನೋಡಿಕೊಳ್ತೇನೆ' ಅಂತ ಬೇರೆ ಕಾಗದವನ್ನೂ ಬರೆದುಕೊಟ್ಟಿದ್ದ. ನಿಮ್ಮ ಪತ್ರದಲ್ಲಿ ಪ್ರೀತಿ ಮಾತ್ರ ಇರೋದೇ ಕಷ್ಟ. ಅಂಥ ಕಾಗದ ಏನಾದರೂ ಇದೆಯಾ, ಹುಡುಕಿ.

ಉತ್ತರ 2
ಮನೆ ಬರದಿದ್ದರೂ ಜೀವನಾಂಶ ಕೇಳಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಅರ್ಜಿ ಎಸಿ (ಉಪವಿಭಾಗಾಧಿಕಾರಿ) ಸಾಹೇಬರಿಗೆ, ವಕೀಲರು ಬೇಕೆಂದೇನಿಲ್ಲ. ಅಮ್ಮನ ಪರವಾಗಿ ನೀವೇ ಹೋಗಬೇಕಾದರೆ ಅವರಿಂದ ಒಪ್ಪಿಗೆ ಬರೆಸಿಕೊಳ್ಳಿ. ಕಾಯ್ದೆಯಲ್ಲಿ 90 ದಿನ ಅಂತಿದೆ. ನಮ್ಮಪ್ಪನ ಅರ್ಜಿಗೆ ಹನ್ನೊಂದು ತಿಂಗಳಾಯಿತು, ಆ ಮಾತು ಬೇರೆ. ಇನ್ನೊಂದು, ಬೇಜಾರಾಗಬೇಡಿ: ಮಗಳಿಗೂ ಅಷ್ಟೇ ಹೊಣೆ. ಅಣ್ಣ ನಿಮ್ಮನ್ನೂ ಕೇಸಿಗೆ ಸೇರಿಸಿ ಅಂತ ಕೇಳಬಹುದು.

ಉತ್ತರ 3
ಹಿರಿಯರ ಹಕ್ಕಿಗೆ ಅಂತಲೇ ವಿಶ್ವಸಂಸ್ಥೆಯ ಒಪ್ಪಂದ ಇನ್ನೂ ಇಲ್ಲ, ಗೊತ್ತಾ? ಮಕ್ಕಳಿಗೆ 1989ರಲ್ಲೇ ಆಯಿತು. ಹಿರಿಯರದ್ದರ ಕರಡು ಬರೆಯೋಕೆ ಜಿನೀವಾದಲ್ಲಿರೋ ಅವರ ಮಾನವ ಹಕ್ಕುಗಳ ಮಂಡಳಿ ಕಾರ್ಯತಂಡ ಮಾಡಿದ್ದೇ 2025ರ ಏಪ್ರಿಲ್‌ನಲ್ಲಿ!

ಕೇಳಿದವಳು
ಜಿನೀವಾದಲ್ಲಿ ಬರೆದು ಮುಗಿಸುವಷ್ಟರಲ್ಲಿ ಅಮ್ಮನಿಗೆ ಎಷ್ಟಾಗಿರುತ್ತೋ ಸಾರ್.

ಬೇರೆ ಕಾಗದ ಯಾವುದೂ ಇಲ್ಲ. ನನ್ನನ್ನು ಸೇರಿಸಿದರೆ ಸೇರಿಸಲಿ, ಕೊಡ್ತೀನಿ. ನಿನ್ನೆ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಆಮೇಲೆ, "ದುಡ್ಡು ಬೇಡ ಕಣೇ, ಹಿತ್ತಲ ಬೀಗದ ಕೈ ಒಂದು ಕೊಡಿಸ್ತಾರಾ ಕೇಳು" ಅಂದಳು. ಅದನ್ನೂ ಅರ್ಜಿಯಲ್ಲಿ ಬರೆಯಬಹುದಾ?