ಬಾಜಿ ದರ ನಂಬೋದಾ, ಸಮೀಕ್ಷೆ ನಂಬೋದಾ?

ಪ್ರಶ್ನೆ (ಗುಬ್ಬಿ): ಮೇಡಂ, ನೀವು ಸಂಖ್ಯಾಶಾಸ್ತ್ರ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಎಲೆಕ್ಷನ್ ಬಂತೆಂದರೆ ನಮ್ಮೂರ ಹೋಟೆಲಿನಲ್ಲಿ ಬಾಜಿ ಶುರು. ‘ಟಿವಿಯವರು ಏನಾದರೂ ಹೇಳಲಿ, ದುಡ್ಡು ಕಟ್ಟುವವನು ಸುಮ್ನೆ ಕಟ್ಟಲ್ಲ’ ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1988ರಲ್ಲಿ ಚುನಾವಣೆಯ ಮೇಲೆ ದುಡ್ಡು ಕಟ್ಟುವ ಇಂಥದೊಂದು ಸಣ್ಣ ಮಾರುಕಟ್ಟೆ ಶುರು ಮಾಡಿತು. 2004ರವರೆಗಿನ 964 ಸಮೀಕ್ಷೆಗಳ ಜೊತೆ ಹೋಲಿಸಿದಾಗ, 74% ಸಲ ಮಾರುಕಟ್ಟೆಯೇ ಫಲಿತಾಂಶಕ್ಕೆ ಹತ್ತಿರವಿತ್ತು. ಆದರೆ ಆ ಹೋಲಿಕೆಯಲ್ಲಿ ಒಂದು ತೊಡಕಿದೆ. ಸಮೀಕ್ಷೆ ಕೇಳುವುದು ಇವತ್ತು ಯಾರಿಗೆ ಓಟು ಅಂತ. ಬಾಜಿಯವನ ಲೆಕ್ಕ ಕೊನೆಗೆ ಯಾರು ಗೆಲ್ಲುತ್ತಾರೆ ಅಂತ. ತಿಂಗಳುಗಟ್ಟಲೆ ಮುಂಚಿನ ಸಮೀಕ್ಷೆಯಲ್ಲಿ ಕಂಡ ಮುನ್ನಡೆ ಚುನಾವಣೆ ಹೊತ್ತಿಗೆ ಸಾಮಾನ್ಯವಾಗಿ ಕರಗುತ್ತದೆ. ಹಾಗೆ ಕರಗುವಷ್ಟನ್ನು ಸಮೀಕ್ಷೆಯ ಅಂಕಿಯಿಂದ ಕಳೆದು ನೋಡಿದ ಸಂಶೋಧಕರಿಗೆ ಸಮೀಕ್ಷೆಯೇ ಮೇಲು ಅಂತ ಕಂಡಿತು.

ಮಾರುಕಟ್ಟೆ ಎಡವುವುದೂ ಉಂಟು. ಬ್ರಿಟನ್ ಜನ ಐರೋಪ್ಯ ಒಕ್ಕೂಟ ಬಿಡಲು ಓಟು ಹಾಕಿದ 2016ರ ಬ್ರೆಕ್ಸಿಟ್‌ನಲ್ಲಿ ಸಮೀಕ್ಷೆಗಳು ಹೆಚ್ಚುಕಮ್ಮಿ ಸಮಸಮ ಅಂದಿದ್ದವು. ಬಾಜಿಯವರು ಮಾತ್ರ ಬ್ರಿಟನ್ ಒಕ್ಕೂಟದಲ್ಲೇ ಉಳಿಯುತ್ತದೆ ಅಂತ ಗಟ್ಟಿಯಾಗಿ ನಂಬಿದ್ದರು. ನಮ್ಮ 2024ರ ಲೋಕಸಭೆಯನ್ನೇ ನೋಡಿ. ಹೆಚ್ಚಿನ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350 ದಾಟಿಸಿದವು. ರಾಜಸ್ಥಾನದ ಫಲೋದಿ ಸಟ್ಟಾ ಬಜಾರ್ (ಅಲ್ಲಿನ ಬಾಜಿ ಮಾರುಕಟ್ಟೆ) ಬಿಜೆಪಿ ಒಂದಕ್ಕೇ ಸುಮಾರು 300 ಅಂದಿತು. ಬಂದದ್ದು ಎನ್‌ಡಿಎಗೆ 293, ಬಿಜೆಪಿಗೆ 240. ಇಬ್ಬರೂ ಒಂದೇ ಕಡೆಗೆ ತಪ್ಪಿದರು!

ಪ್ರಶ್ನೆ (ಶಿರಾ): ಆದರೆ ಟ್ರಂಪ್ ಗೆಲ್ತಾರೆ ಅಂತ 2024ರಲ್ಲಿ ಪಾಲಿಮಾರ್ಕೆಟ್ ಅನ್ನೋ ಆನ್‌ಲೈನ್ ಬಾಜಿ ತಾಣ ಮೊದಲೇ ಹೇಳಿತ್ತಲ್ವಾ ಮೇಡಂ?

ಉತ್ತರ: ಹೌದಣ್ಣ, ಅಲ್ಲಿ ಟ್ರಂಪ್ ಮುಂದಿದ್ದರು. ಅದರಲ್ಲಿ ಕೋಟಿಗಟ್ಟಲೆ ಡಾಲರ್ ಕಟ್ಟಿದ ಒಬ್ಬ ಫ್ರೆಂಚ್ ವ್ಯಾಪಾರಿಯ ವಿಷಯ ನನಗೆ ಬಹಳ ಹಿಡಿಸಿತು. ಆತ ಕಟ್ಟಿದ್ದು ಸ್ವಂತ ಖರ್ಚಿನಲ್ಲಿ ಸಮೀಕ್ಷೆ ಮಾಡಿಸಿ! ‘ನಿಮ್ಮ ಅಕ್ಕಪಕ್ಕದವರು ಯಾರಿಗೆ ಹಾಕ್ತಾರೆ’ ಅಂತ ಕೇಳಿಸಿದ. ತಮ್ಮ ಓಟು ಬಾಯಿಬಿಡದವರೂ ಪಕ್ಕದ ಮನೆಯದ್ದನ್ನು ಹೇಳುತ್ತಾರೆ. ನಮ್ಮ ಕಡೆಯೂ ಹಾಗೇ ಅಲ್ವಾ? ಅಂದರೆ ಬಾಜಿಯ ಬುಡದಲ್ಲೂ ಸಮೀಕ್ಷೆಯೇ ಇತ್ತು.

ಪ್ರಶ್ನೆ (ಗುಬ್ಬಿ): ಹಾಗಾದರೆ ನಮ್ಮ ಹೋಟೆಲಿನ ದರಕ್ಕೆ ಬೆಲೆಯೇ ಇಲ್ವಾ?

ಉತ್ತರ: ಬಹಳ ಕಮ್ಮಿ. ಅಲ್ಲಿ ಬಾಜಿ ಕಟ್ಟುವವರಲ್ಲಿ ಹೆಂಗಸರು ಎಷ್ಟು ಜನ? ಮತದಾರರಲ್ಲಿ ಸುಮಾರು ಅರ್ಧ ಅವರೇ. 2023ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಗೃಹಲಕ್ಷ್ಮಿ, ಉಚಿತ ಬಸ್ಸಿನ ಭರವಸೆ ಕೊಟ್ಟಿದ್ದ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಅಂಥ ವಿಷಯದಲ್ಲಿ ಮನೆಯ ಹೆಂಗಸರ ಮನಸ್ಸು ಹೋಟೆಲಿನ ಬೆಂಚಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ಅಲ್ಲಿ ಪಕ್ಷದ ಅಭಿಮಾನಕ್ಕೆ ಕಟ್ಟುವವರೇ ಜಾಸ್ತಿ. ಹತ್ತು ಜನರ ನಡುವೆ ಒಬ್ಬ ದುಡ್ಡಿನವನು ಜಿದ್ದಿಗೆ ಬಿದ್ದರೂ ದರ ತಿರುಗುತ್ತದೆ. ಸಮೀಕ್ಷೆ ನೋಡುವಾಗಲೂ ಎಷ್ಟು ಜನರನ್ನು, ಎಲ್ಲೆಲ್ಲಿ ಕೇಳಿದರು ಅಂತ ಮೊದಲು ಹುಡುಕಿ. ಅದನ್ನು ಹೇಳದಿದ್ದರೆ ಆ ಚಾನೆಲ್ ಬಿಟ್ಟುಬಿಡಿ.