ರಾತ್ರಿ 3 ಗಂಟೆಗೆ ಎಚ್ಚರವಾಗುವುದಕ್ಕೆ ಕಾರ್ಟಿಸೋಲ್ ಕಾರಣವೇ?

ಪ್ರಶ್ನೆ:
ಐದು ತಿಂಗಳಿಂದ ವಾರದಲ್ಲಿ ನಾಲ್ಕೈದು ರಾತ್ರಿ 3 ಗಂಟೆಯ ಆಸುಪಾಸಿನಲ್ಲಿ ನನಗೆ ಎಚ್ಚರವಾಗುತ್ತಿದೆ. ದಿಂಬಿಗೆ ಒತ್ತಿದ ಕಿವಿಯಲ್ಲಿ ನನ್ನದೇ ಎದೆಬಡಿತ ಕೇಳಿಸುತ್ತದೆ. ಆಮೇಲೆ ಬೆಳಗಾಗುವವರೆಗೆ ಹೊರಳಾಟವೇ. ಕೆಲಸದ ಒತ್ತಡದಿಂದ ಇದು ಶುರುವಾಯಿತೆಂಬುದು ನಿಜ, ಆದರೆ ಆ ಕೆಲಸ ಮುಗಿದು ಎರಡು ತಿಂಗಳಾದರೂ ನಿದ್ರೆ ಮರಳಿಲ್ಲ. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಹೆಚ್ಚಾದರೆ ಹೀಗಾಗುತ್ತದೆ ಎಂದು ಓದಿದ್ದೇನೆ. ರಕ್ತಪರೀಕ್ಷೆ ಮಾಡಿಸಿ, ಅದನ್ನು ತಗ್ಗಿಸುವ ಮಾತ್ರೆ ತೆಗೆದುಕೊಂಡರೆ ನಿದ್ರೆ ಬಂದೀತೇ?

ಉತ್ತರ 1:
ಮೊದಲು ಕಾರ್ಟಿಸೋಲಿನ ದಿನಚರಿಯನ್ನು ಗಮನಿಸಿ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಅದರಿಂದ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲನ್ನು ಸ್ರವಿಸುತ್ತವೆ. ಹಗಲು ಎಚ್ಚರವಿದ್ದು ರಾತ್ರಿ ಮಲಗುವ ಆರೋಗ್ಯವಂತರಲ್ಲಿ ಇದರ ಮಟ್ಟ ಮಧ್ಯರಾತ್ರಿಯ ಹೊತ್ತಿಗೆ ತೀರ ಕೆಳಗಿದ್ದು, ರಾತ್ರಿಯ ಉತ್ತರಾರ್ಧದಲ್ಲಿ ಏರತೊಡಗಿ, ಬೆಳಿಗ್ಗೆ ಎದ್ದ 30–45 ನಿಮಿಷಗಳಲ್ಲಿ ಶಿಖರ ಮುಟ್ಟುತ್ತದೆ. ಕಾರ್ಟಿಸೋಲನ್ನು ಅದುಮಿಡುವ ಗಾಢನಿದ್ರೆಯ ಬಹುಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಹಾಗಾಗಿ 3 ಗಂಟೆಗೆ ನಿದ್ರೆ ತೆಳುವಾಗಿರುವುದೂ ಹಾರ್ಮೋನು ಏರುತ್ತಿರುವುದೂ ಎಲ್ಲರಲ್ಲಿಯೂ ಸಹಜ. ಅಷ್ಟರಿಂದಲೇ ರೋಗವೆಂದು ಭಾವಿಸಬೇಕಿಲ್ಲ.

ಆದರೂ ನಿಮ್ಮ ಶಂಕೆಗೆ ಆಧಾರವಿಲ್ಲದಿಲ್ಲ. 2001ರಲ್ಲಿ ವ್ಗೊಂಟ್ಜಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ದೀರ್ಘಕಾಲದ ನಿದ್ರಾಹೀನತೆ ಇದ್ದವರಲ್ಲಿ ಎಸಿಟಿಎಚ್ ಮತ್ತು ಕಾರ್ಟಿಸೋಲ್ ಎರಡೂ ಹೆಚ್ಚಿದ್ದವು, ಅದರಲ್ಲೂ ಸಂಜೆ ಮತ್ತು ರಾತ್ರಿಯ ಪೂರ್ವಾರ್ಧದಲ್ಲಿ ವ್ಯತ್ಯಾಸ ಎದ್ದು ಕಂಡಿತು. ನಿದ್ರಾಹೀನತೆಯನ್ನು ರಾತ್ರಿಯ ಕೊರತೆ ಎನ್ನುವುದಕ್ಕಿಂತ ಇಡೀ ದಿನ ಇಳಿಯದೇ ಉಳಿದ ಎಚ್ಚರ ಎನ್ನುವುದು ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು: ಸಂಬಂಧ ಎರಡೂ ದಿಕ್ಕಿನದು. ಆರೋಗ್ಯವಂತ ಯುವಕರ ನಿದ್ರೆಯನ್ನು ಒಂದೇ ರಾತ್ರಿ ಮೊಟಕುಗೊಳಿಸಿದರೂ ಮರುದಿನ ಸಂಜೆಯ ಕಾರ್ಟಿಸೋಲ್ ಇಳಿಯಬೇಕಾದಷ್ಟು ಇಳಿಯುವುದಿಲ್ಲ ಎಂದು 1997ರಲ್ಲಿ ಲೆಪ್ರೂ ಮತ್ತು ಸಂಗಡಿಗರು ತೋರಿಸಿದರು. ನಿದ್ರೆಗೆಟ್ಟದ್ದೇ ಮುಂದಿನ ರಾತ್ರಿಯ ನಿದ್ರೆಯನ್ನು ಕೆಡಿಸಲು ದಾರಿಯಾಗಬಹುದು.

ಪರೀಕ್ಷೆಯ ವಿಷಯದಲ್ಲಿ ಆತುರ ಬೇಡ. ಗಂಟೆಗಂಟೆಗೂ ಬದಲಾಗುವ ಹಾರ್ಮೋನನ್ನು ಒಮ್ಮೆ ಅಳೆದರೆ ನಿದ್ರಾಹೀನತೆಯ ಬಗ್ಗೆ ಏನೂ ತಿಳಿಯುವುದಿಲ್ಲ. ತಡರಾತ್ರಿ ಜೊಲ್ಲಿನಲ್ಲಿ ಕಾರ್ಟಿಸೋಲ್ ಅಳೆಯುವ ಪರೀಕ್ಷೆ ಇರುವುದು ಕುಶಿಂಗ್ ಸಿಂಡ್ರೋಮಿನಂತಹ (ಕಾರ್ಟಿಸೋಲ್ ಬಹುಕಾಲ ಅತಿಯಾಗಿರುವ ಸ್ಥಿತಿ) ಬೇರೆ ಕಾಯಿಲೆಗಳ ಪತ್ತೆಗೆ. ಕಾರ್ಟಿಸೋಲ್ ತಗ್ಗಿಸುತ್ತವೆಂದು ಮಾರುವ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಅದರ ಬದಲು ಜೋರು ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಥೈರಾಯ್ಡ್ ತೊಂದರೆ, ಖಿನ್ನತೆ, ಸ್ಟೀರಾಯ್ಡ್ ಔಷಧಿಗಳ ಸೇವನೆ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ವೈದ್ಯರಲ್ಲಿ ಚರ್ಚಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆ ಕಾಯಿಲೆಗಳಾವುವೂ ಇಲ್ಲವೆಂದು ವೈದ್ಯರು ಈ ಮೊದಲೇ ಹೇಳಿದ್ದಾರೆ. ಹೇಳಲು ಬಿಟ್ಟಿದ್ದ ಒಂದು ಸಂಗತಿ ಇದೆ. ಈಗ ಕತ್ತಲಾಗುತ್ತಿದ್ದಂತೆಯೇ ಇಂದೂ ನಿದ್ರೆ ಬಾರದಿದ್ದರೆ ಎಂಬ ಭಯ ಹತ್ತುತ್ತದೆ. ಕಳೆದುಕೊಂಡ ನಿದ್ರೆ ತುಂಬಿಕೊಳ್ಳಲೆಂದು 9 ಗಂಟೆಗೇ ಮಲಗುತ್ತೇನೆ. ಎಚ್ಚರವಾದಾಗಲೆಲ್ಲ ಗಡಿಯಾರ ನೋಡಿ, ಇನ್ನೆಷ್ಟು ಗಂಟೆ ಉಳಿದಿದೆ ಎಂದು ಲೆಕ್ಕ ಹಾಕುತ್ತೇನೆ.

ಉತ್ತರ 1:
ಕೆಲಸ ಮುಗಿದರೂ ನಿದ್ರೆ ಏಕೆ ಮರಳಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ನಿದ್ರಾಹೀನತೆಯನ್ನು ಹುಟ್ಟಿಸುವ ಕಾರಣವೇ ಬೇರೆ, ಅದನ್ನು ಉಳಿಸಿಕೊಂಡು ಹೋಗುವ ಕಾರಣವೇ ಬೇರೆ ಎಂದು ನಿದ್ರಾ ಸಂಶೋಧಕ ಸ್ಪೀಲ್‌ಮನ್ 1987ರಲ್ಲಿ ವಿವರಿಸಿದ್ದರು. ಬೇಗ ಮಲಗುವುದು, ಗಡಿಯಾರ ನೋಡುವುದು, ಲೆಕ್ಕ ಹಾಕುವುದು ಎರಡನೆಯ ಬಗೆಯವು. ಹಾಸಿಗೆಯೇ ದೇಹಕ್ಕೆ ಎಚ್ಚರಿಕೆಯ ಗಂಟೆಯಾಗಿಬಿಡುತ್ತದೆ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಡೆದ ತೊಂದರೆಯನ್ನು ದೀರ್ಘಕಾಲದ್ದೆಂದು ಪರಿಗಣಿಸುತ್ತಾರೆ, ಮತ್ತು ಅದಕ್ಕೆ ಮಾತ್ರೆಗಿಂತ ಮೊದಲು ಸಿಬಿಟಿ-ಐ ಎಂಬ, ನಿದ್ರೆಯ ಕುರಿತ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು ಕೊಡಬೇಕೆಂದು ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿದೆ.

ಗಡಿಯಾರವನ್ನು ಇಂದೇ ಗೋಡೆಯ ಕಡೆಗೆ ತಿರುಗಿಸಿಡಿ. ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ. ಸುಮಾರು 20 ನಿಮಿಷ ಕಳೆದಂತೆನಿಸಿದರೂ ನಿದ್ರೆ ಹತ್ತದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಸುಮ್ಮನೆ ಕುಳಿತಿದ್ದು, ತೂಕಡಿಕೆ ಬಂದ ಮೇಲೆ ಮರಳಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಸಮಯ ಮಾತ್ರ ಬದಲಾಗದಿರಲಿ. ಮೊದಲ ದಿನಗಳಲ್ಲಿ ಹಗಲು ತೂಕಡಿಕೆ ಹೆಚ್ಚುವುದರಿಂದ ವಾಹನ ಓಡಿಸುವಾಗ ಎಚ್ಚರಿಕೆ ಅಗತ್ಯ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಹೀಗೆ ನಿದ್ರೆಯ ಅವಧಿಯನ್ನು ಮೊಟಕುಗೊಳಿಸಲೇಬಾರದು.